ಕಾಲರ್ ಕಡೆಗೇ ಹೋಗುವ ಕೈ

ರಿಮೋಟ್ ಕಂಟ್ರೋಲ್ ಟ್ರಕ್ ಓಡಿಸುವವರ ನಡುವೆ ಸ್ವಲ್ಪ ಕಾಲ ಕಳೆದವರು ಇದನ್ನು ಗಮನಿಸಿಯೇ ಇರುತ್ತೀರಿ. ಟ್ರಕ್ ತಿರುವಿನಲ್ಲಿ ಮಗುಚಿದರೂ, ನೆಗೆದು ಮೂತಿ ಅಡಿಯಾಗಿ ಬಿದ್ದರೂ, ಉಬ್ಬುಗಳ ಸಾಲಿನಲ್ಲಿ ಹಿಂಬದಿ ಒದ್ದಾಡಿದರೂ, ಮೇಜಿನ ಮೇಲೆ ಬಂದ ಕೂಡಲೇ ಕೈ ಹೋಗುವುದು ಒಂದೇ ಕಡೆಗೆ: ಚಕ್ರದ ಏಟು ತಾಳುವ ಎಣ್ಣೆ ತುಂಬಿದ ಕೊಳವೆಯಾದ ಶಾಕ್‌ನ ಮೈಮೇಲೆ ಸ್ಪ್ರಿಂಗನ್ನು ಅದುಮಿ ಹಿಡಿದಿರುವ ತಿರುಪಿನ ಕಾಲರ್ ಕಡೆಗೆ. ಒಂದೆರಡು ಸುತ್ತು ಬಿಗಿ, ಇಲ್ಲವೇ ಒಂದೆರಡು ಸುತ್ತು ಸಡಿಲ, ಮತ್ತೆ ಟ್ರ್ಯಾಕಿಗೆ. ಕಾಲರ್ ಹೊರಗೆ ಕಾಣುತ್ತದೆ, ಅದನ್ನು ತಿರುಗಿಸಲು ಉಪಕರಣ ಬೇಕಿಲ್ಲ, ಬೆರಳಿಗೆ ಎಣ್ಣೆ ಹತ್ತುವುದಿಲ್ಲ. ಈ ಹವ್ಯಾಸದಲ್ಲಿ ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿರುವ ಸಂಗತಿ ಇದೇ. ಯಾವುದನ್ನು ಬದಲಿಸುವುದು ಸುಲಭವೋ ಅದರಿಂದ ಸಿಗುವ ಫಲ ಅಲ್ಪ. ಯಾವುದರಿಂದ ಟ್ರಕ್ಕಿನ ನಡತೆಯೇ ಬೇರೆಯಾಗುತ್ತದೋ ಅದಕ್ಕೆ ಕೈ ಹಾಕಲು ಎಲ್ಲರಿಗೂ ಬೇಸರ, ಏಕೆಂದರೆ ಅಲ್ಲಿ ಅಂಟಿಸಿದ ಟೈರ್ ಕೀಳಬೇಕು, ಶಾಕ್ ಬಿಚ್ಚಿ ಎಣ್ಣೆ ಚೆಲ್ಲಿ ಹೊಸದು ತುಂಬಬೇಕು.

ಕಾಲರ್ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಅದನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ವರ್ಷಗಳಿಂದ ಓಡಿಸುವವರೂ ಹಾಗೆಂದೇ ಮಾತನಾಡುತ್ತಾರೆ. ಸಮ ಅಂತರದಲ್ಲಿ ಸುತ್ತಿದ ಸ್ಪ್ರಿಂಗಿನ ಗಡಸುತನ ಅದನ್ನು ತಯಾರಿಸುವಾಗಲೇ ನಿಶ್ಚಯವಾಗಿಬಿಟ್ಟಿರುತ್ತದೆ. ಟ್ರಕ್ ನೆಲದ ಮೇಲೆ ನಿಂತಾಗ ಸ್ಪ್ರಿಂಗ್ ಹೊರಬೇಕಾದದ್ದು ಟ್ರಕ್ಕಿನ ತೂಕವನ್ನು. ತೂಕ ಅಷ್ಟೇ ಇರುವುದರಿಂದ ಅದು ಕುಗ್ಗುವುದೂ ಅಷ್ಟೇ. ಕಾಲರ್ ಕೆಳಗಿಳಿಸಿದರೆ ಟ್ರಕ್ ಮೇಲೇಳುತ್ತದೆ, ಬೇರೇನೂ ಆಗುವುದಿಲ್ಲ. ಟ್ರಕ್ಕನ್ನು ಕೈಯಲ್ಲಿ ಎತ್ತಿ ಹಿಡಿದು, ಜೋತುಬಿದ್ದ ಚಕ್ರವನ್ನು ಒತ್ತಿ ನೋಡಿದಾಗ ಮಾತ್ರ ಮೊದಲಿಗಿಂತ ಗಡುಸೆನಿಸುತ್ತದೆ, ಏಕೆಂದರೆ ಚಕ್ರ ಗಾಳಿಯಲ್ಲಿರುವಾಗ ಸ್ಪ್ರಿಂಗ್ ಮೊದಲಿಗಿಂತ ಹೆಚ್ಚು ಅದುಮಿಕೊಂಡಿರುತ್ತದೆ. ತಪ್ಪು ನಂಬಿಕೆ ಹುಟ್ಟಿದ್ದು ಈ ಬೆರಳ ಪರೀಕ್ಷೆಯಿಂದಲೇ ಇರಬೇಕು. ಹಾಗೆಂದು ಎತ್ತರ ಬದಲಾಗುವುದು ಸಣ್ಣ ಸಂಗತಿಯೇನಲ್ಲ. ಟ್ರಕ್ ಎತ್ತರವಾದರೆ ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚುವುದು ಸಲೀಸಾಗುತ್ತದೆ. ಚಕ್ರ ಕೆಳಕ್ಕೆ ಇಳಿಯಲು ಉಳಿದ ಜಾಗವೂ ಕಡಿಮೆಯಾಗುತ್ತದೆ. ಉಬ್ಬು ದಾಟಿದ ಚಕ್ರ ಅದರ ಹಿಂದಿನ ತಗ್ಗನ್ನು ಮುಟ್ಟಲಾರದೆ ಗಾಳಿಯಲ್ಲೇ ಸುತ್ತುತ್ತದೆ. ಬ್ಯಾಟರಿ ಹಾಕಿ, ಬಾಡಿ ಕೂರಿಸಿ, ಟ್ರಕ್ಕನ್ನು ಒಮ್ಮೆ ಅದುಮಿ ಬಿಟ್ಟಾಗ ಹಿಂದಿನ ಡ್ರೈವ್‌ಶಾಫ್ಟ್‌ಗಳು (ಚಕ್ರ ತಿರುಗಿಸುವ ದಂಡಗಳು) ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ನಿಂತರೆ ಎತ್ತರ ಸರಿಯಿದೆ ಎಂದು ಲೆಕ್ಕ. ಎಡಬಲ ಒಂದೇ ಸಮ ಮಾಡಿ, ಆಮೇಲೆ ಕಾಲರನ್ನು ಮರೆತುಬಿಡಬೇಕು.

ಸಣ್ಣ ಗಾಡಿಯ ಅವಸರ

ನಿಜವಾದ ಕಾರು, ಬೈಕುಗಳ ಸಸ್ಪೆನ್ಷನ್ ಬಲ್ಲವರು ಈ ಕಡೆ ಬಂದಾಗ ಅವರ ಅನುಭವ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಹತ್ತರಲ್ಲೊಂದು ಅಳತೆಯ ಟ್ರಕ್ ಎಂದರೆ ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲೊಂದು ಪಾಲು. ಹಾಗಾದರೆ ತೂಕ ಸಾವಿರದಲ್ಲೊಂದು ಪಾಲಾಗಬೇಕು. ಎರಡು ಸಾವಿರ ಕಿಲೋದ ಟ್ರಕ್ ಎರಡು ಕಿಲೋ ಆಗಬೇಕು, ಮತ್ತು ನಮ್ಮ ಟ್ರಕ್‌ಗಳು ನಿಜಕ್ಕೂ ಅದರ ಆಸುಪಾಸಿನಲ್ಲೇ ತೂಗುತ್ತವೆ. ಎಲ್ಲವೂ ಕುಗ್ಗಿದರೂ ಗುರುತ್ವ ಕುಗ್ಗುವುದಿಲ್ಲ. ಒಂದು ಮೀಟರ್ ಎತ್ತರದಿಂದ ಬೀಳುವ ಸಣ್ಣ ಟ್ರಕ್ ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಅದರ ಗಾತ್ರದ ಲೆಕ್ಕದಲ್ಲಿ ಅದು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ಮೇಲಿಂದ ಬಿದ್ದ ಹಾಗೆ. ದೊಡ್ಡ ಟ್ರಕ್ಕಿಗೆ ಒಮ್ಮೆ ಹೀಗಾದರೆ ಗುಜರಿಗೆ ಹೋಗುತ್ತದೆ, ನಮ್ಮದು ಪ್ರತಿ ಸುತ್ತಿನಲ್ಲೂ ಬಿದ್ದೆದ್ದು ಓಡುತ್ತದೆ.

ಕಾಲದ ಲೆಕ್ಕವೂ ಹಾಗೆಯೇ ಬದಲಾಗುತ್ತದೆ. ಸ್ಪ್ರಿಂಗ್ ಮೇಲೆ ಕುಳಿತ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು ತನ್ನ ಭಾರಕ್ಕೆ ಅದು ಎಷ್ಟು ಕುಸಿದಿದೆ ಎಂಬುದರಿಂದಲೇ ಲೆಕ್ಕ ಹಾಕಬಹುದು. ಮೆತ್ತಗಿನ ಪ್ರಯಾಣಿಕ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುತ್ತದೆ. ತನ್ನ ಭಾರಕ್ಕೆ ಒಂದೂವರೆ ಸೆಂಟಿಮೀಟರ್ ಕುಸಿಯುವ ಸಣ್ಣ ಟ್ರಕ್ ಸುಮಾರು ನಾಲ್ಕು ಸಲ ಆಡುತ್ತದೆ. ಟ್ರಕ್ ಬಿದ್ದು, ಕುಸಿದು, ಎದ್ದು, ಮತ್ತೆ ಕುಸಿಯುವಷ್ಟರಲ್ಲಿ ನಮ್ಮ ಕಣ್ಣಿಗೆ ಸಿಗುವುದು ಒಂದು ನಡುಕ ಮಾತ್ರ. ಹಾಗಾಗಿಯೇ ದಂಡೆಯ ಮೇಲೆ ನಿಂತವರು ಒಂದೇ ನೆಗೆತ ನೋಡಿ ತಲೆಗೊಂದು ಕಾರಣ ಹೇಳುತ್ತಾರೆ. ಮೊಬೈಲಿನ ನಿಧಾನಗತಿಯ ವಿಡಿಯೊ ಬಂದ ಮೇಲೆ ಈ ಪಂಚಾಯಿತಿ ಕಡಿಮೆಯಾಗಬೇಕಿತ್ತು. ನೆಗೆತದ ಪಕ್ಕದಲ್ಲಿ ನೆಲಮಟ್ಟಕ್ಕೆ ಮೊಬೈಲ್ ಇಟ್ಟು ಚಿತ್ರಿಸಿದರೆ ಮುಂದಿನ ಚಕ್ರ ಎಲ್ಲಿ ಪುಟಿಯಿತು, ಚಾಸಿಸ್ ನೆಲಕ್ಕೆ ಬಡಿಯಿತೇ, ಬಡಿದ ಮೇಲೆ ಎಷ್ಟು ಬೇಗ ಎದ್ದಿತು, ಎಲ್ಲವೂ ಕಾಣುತ್ತದೆ. ಆದರೂ ವಿಡಿಯೊ ನೋಡುವವರಿಗಿಂತ ಕಾಲರ್ ತಿರುಗಿಸುವವರೇ ಹೆಚ್ಚು.

ಶಾರ್ಟ್ ಕೋರ್ಸ್ ಟ್ರಕ್ (ಮಣ್ಣಿನ ಕಿರು ಟ್ರ್ಯಾಕಿನ ಓಟದ ಟ್ರಕ್‌ಗಳ ಮಾದರಿ) ಇಟ್ಟುಕೊಂಡವರಿಗೆ ನಡುವೆ ಒಂದು ಮಾತು. 2008ರಲ್ಲಿ ಟ್ರಾಕ್ಸಾಸ್ ಕಂಪನಿಯ ಸ್ಲಾಶ್ ಎಂಬ ಟ್ರಕ್ ಬಂದ ಮೇಲೆ ಈ ಬಗೆಯ ಟ್ರಕ್‌ಗಳು ಎಲ್ಲೆಡೆ ಹರಡಿದವು. ಇವುಗಳ ಬಾಡಿ ಚಕ್ರಗಳನ್ನೂ ಮುಚ್ಚುವಷ್ಟು ಅಗಲ, ಒಳಗೆಲ್ಲ ಪೊಳ್ಳು. ದೊಡ್ಡ ನೆಗೆತದಲ್ಲಿ ಅಡಿಯಿಂದ ನುಗ್ಗುವ ಗಾಳಿ ಬಾಡಿಯೊಳಗೆ ಸಿಕ್ಕಿಕೊಂಡು ಮೂತಿಯನ್ನು ಮೇಲೆತ್ತುತ್ತದೆ. ಇದನ್ನು ಶಾಕ್ ದೋಷವೆಂದು ತಿಳಿದು ಎಣ್ಣೆ, ಸ್ಪ್ರಿಂಗ್ ಎಲ್ಲ ಬದಲಿಸಿದವರನ್ನು ನೋಡಿದ್ದೇನೆ. ಬಾಡಿಯ ಹಿಂಭಾಗದಲ್ಲಿ ಗಾಳಿ ಹೊರಹೋಗಲು ದಾರಿ ಕತ್ತರಿಸಿದ್ದರೆ ಕತ್ತರಿಯೊಂದರಲ್ಲೇ ಕೆಲಸ ಮುಗಿಯುತ್ತಿತ್ತು.

ಎಣ್ಣೆಯೊಳಗಿನ ಗಾಳಿ

ಒಮ್ಮೆ ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ತನ್ನ ಟ್ರಕ್ಕಿನ ಜೊತೆ ಜಗಳವಾಡುತ್ತಿದ್ದ. ಓಡಿಸಲು ಶುರು ಮಾಡಿದಾಗ ಟ್ರಕ್ ಸುಮಾರಾಗಿ ಹೋಗುತ್ತಿತ್ತು. ನಾಲ್ಕಾರು ಸುತ್ತು ಕಳೆಯುವಷ್ಟರಲ್ಲಿ ಮುಂಭಾಗ ಚೆಂಡಿನಂತೆ ಪುಟಿಯಲು ತೊಡಗುತ್ತಿತ್ತು. ಪ್ರತಿ ಸಲ ತಂದು ಕಾಲರ್ ಬಿಗಿ ಮಾಡುತ್ತಿದ್ದ, ಪ್ರತಿ ಸಲವೂ ಅದೇ ಕಥೆ. ಎದುರಿಗೆ ತಮ್ಮ ಟ್ರಕ್ಕಿನ ಗೇರ್ ಒರೆಸುತ್ತ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡಿದರು. ಕೊನೆಗೆ "ಇಲ್ಲಿ ಕೊಡಪ್ಪಾ, ಒಂದು ಸಲ ನೋಡುತ್ತೇನೆ" ಎಂದು ಕೈ ಚಾಚಿದರು. ಮುಂದಿನ ಒಂದು ಶಾಕ್ ಬಿಚ್ಚಿ, ಸ್ಪ್ರಿಂಗ್ ಕಳಚಿ ಪಕ್ಕಕ್ಕಿಟ್ಟು, ಶಾಕನ್ನು ಕಿವಿಯ ಹತ್ತಿರ ಹಿಡಿದು ಅದರ ದಂಡವನ್ನು ನಿಧಾನವಾಗಿ ಒಳಕ್ಕೆ ತಳ್ಳಿದರು. ಪಕ್ಕದಲ್ಲಿದ್ದ ನನಗೂ ಆ ಚಪಚಪ ಸದ್ದು ಕೇಳಿಸಿತು.

"ಇದರೊಳಗೆ ಗಾಳಿ ಇದೆ."

"ಎಣ್ಣೆ ಹೊಸದು, ಸರ್. ನಿನ್ನೆ ರಾತ್ರಿಯಷ್ಟೇ ಹಾಕಿದ್ದೇನೆ."

"ಎಣ್ಣೆ ಹೊಸದೇ. ಹಾಕಿದ ಮೇಲೆ ನೀನು ಕಾಯಲಿಲ್ಲ."

ಆಮೇಲೆ ಅವರು ಮಾಡಿದ್ದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಅವಸರ ಮಾಡುವುದು ಇಲ್ಲೇ. ಶಾಕ್‌ನ ಮುಚ್ಚಳ ತೆಗೆದು ಹಳೆಯ ಎಣ್ಣೆಯನ್ನು ಚೆಲ್ಲಿದರು; ಅದು ನೊರೆಗಟ್ಟಿ ಬೆಳ್ಳಗಾಗಿತ್ತು. ದಂಡವನ್ನು ಪೂರ್ತಿ ಕೆಳಕ್ಕೆ ಎಳೆದು, ಶಾಕನ್ನು ನೆಟ್ಟಗೆ ಹಿಡಿದು, ಅಂಚಿನ ಸ್ವಲ್ಪ ಕೆಳಗಿನವರೆಗೆ ಹೊಸ ಎಣ್ಣೆ ತುಂಬಿದರು. ದಂಡದ ಒಳತುದಿಯಲ್ಲಿರುವ, ರಂಧ್ರಗಳುಳ್ಳ ಪಿಸ್ಟನ್ನನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬರದಂತೆ ಬಹಳ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು. ಪಿಸ್ಟನ್ನಿನ ಅಡಿಯಲ್ಲಿ ಅಡಗಿದ್ದ ಗಾಳಿ ಅದರ ರಂಧ್ರಗಳ ಮೂಲಕ ಒಂದೊಂದೇ ಗುಳ್ಳೆಯಾಗಿ ಮೇಲೆ ಬಂತು: ಮೊದಲು ಸಾಸಿವೆಯಷ್ಟು ದಪ್ಪದವು, ಆಮೇಲೆ ಸೂಜಿಮೊನೆಯಷ್ಟು ಸಣ್ಣವು. ಈ ಸಣ್ಣವು ಮೇಲೇರಲು ಸಮಯ ಹಿಡಿಯುತ್ತವೆ, ಎಣ್ಣೆ ದಪ್ಪವಾದಷ್ಟೂ ಹೆಚ್ಚು ಹೊತ್ತು ಬೇಕು. ಅವರು ಶಾಕನ್ನು ಒಂದು ಸ್ಟ್ಯಾಂಡಿನಲ್ಲಿ ಸಿಕ್ಕಿಸಿ ಮತ್ತೆ ಗೇರ್ ಒರೆಸಲು ಕುಳಿತರು. ಹುಡುಗ ಎರಡು ಸಲ ಎದ್ದು ನೋಡಿದ, "ಆಯಿತಾ ಸರ್?" ಎಂದು ಕೇಳಿದ, ಅವರು ತಲೆಯೆತ್ತಲಿಲ್ಲ. ಎಣ್ಣೆ ನೀರಿನಷ್ಟು ತಿಳಿಯಾದ ಮೇಲೆ ಡಯಾಫ್ರಂ ಎಂಬ ತೆಳು ರಬ್ಬರ್ ಬಟ್ಟಲನ್ನು ಎಣ್ಣೆಯಲ್ಲಿ ಒದ್ದೆ ಮಾಡಿ, ಓರೆಯಾಗಿ ಇಳಿಸಿ, ಅಡಿಯಲ್ಲಿ ಗಾಳಿ ಸಿಗದಂತೆ ಕೂರಿಸಿ ಮುಚ್ಚಳ ಬಿಗಿದರು. ಮುಂದಿನ ಇನ್ನೊಂದು ಶಾಕನ್ನೂ ಹೀಗೆಯೇ ಕಟ್ಟಿ, ಎರಡನ್ನೂ ಅಕ್ಕಪಕ್ಕ ಹಿಡಿದು ಒಟ್ಟಿಗೆ ಒತ್ತಿ ಬಿಟ್ಟರು. ಎರಡೂ ಒಂದೇ ವೇಗದಲ್ಲಿ ಒಂದೇ ಉದ್ದಕ್ಕೆ ಹಿಂದಿರುಗಿದವು. ಟ್ರಕ್ ಮತ್ತೆ ಇಳಿದಾಗ ಅದರ ಮುಂಭಾಗ ಕೊನೆಯ ಸುತ್ತಿನವರೆಗೂ ನೆಲಕ್ಕೆ ಅಂಟಿಕೊಂಡೇ ಇತ್ತು. ಅಲ್ಲಿ ಬದಲಾದದ್ದು ಒಂದು ಮಾತ್ರ, ಎಣ್ಣೆ ಇರಬೇಕಾದಲ್ಲಿ ಎಣ್ಣೆಯೇ ಇತ್ತು.

ಡಯಾಫ್ರಂ ಏಕೆ ಬೇಕೆಂದರೆ, ದಂಡ ಒಳಹೋದಷ್ಟೂ ಅದರ ಗಾತ್ರದಷ್ಟು ಎಣ್ಣೆಗೆ ಬೇರೆ ಜಾಗ ಬೇಕು, ಎಣ್ಣೆಯಂತೂ ಕುಗ್ಗುವುದಿಲ್ಲ; ಡಯಾಫ್ರಂ ಬಾಗಿ ಆ ಜಾಗ ಕೊಡುತ್ತದೆ. ಎಣ್ಣೆ ತುಳುಕುವಷ್ಟು ತುಂಬಿ ಮುಚ್ಚಿದರೆ ದಂಡ ಅರ್ಧದಲ್ಲೇ ಗೋಡೆಗೆ ಬಡಿದಂತೆ ನಿಂತುಬಿಡುತ್ತದೆ. ಡಯಾಫ್ರಂ ಇಲ್ಲದ, ಗಾಳಿ ಎಣ್ಣೆ ಎರಡೂ ಬೆರೆತೇ ಇರುವ ಶಾಕ್‌ಗಳೂ ಇವೆ, ಮುಚ್ಚಳದ ಸಣ್ಣ ಸ್ಕ್ರೂ ಸಡಿಲಿಸಿ ಹೆಚ್ಚಿನದನ್ನು ಹೊರಬಿಡುವಂಥವು. ಅವನ್ನು ಇಷ್ಟಪಡುವವರಿದ್ದಾರೆ. ಒಂದೇ ಬಗೆಯಲ್ಲಿ ಎರಡು ಶಾಕ್ ಕಟ್ಟುವುದು ಅವುಗಳಲ್ಲಿ ಇನ್ನೂ ಕಷ್ಟ ಎಂಬುದು ನನ್ನ ತಕರಾರು.

ಎಣ್ಣೆಯ ದಪ್ಪದ ಬಗ್ಗೆ ಮಾತನಾಡದವರಿಲ್ಲ, ಪಿಸ್ಟನ್ ರಂಧ್ರದ ಬಗ್ಗೆ ಮಾತನಾಡುವವರು ಕಡಿಮೆ. ಎಣ್ಣೆ ಸೀಸೆಯ ಮೇಲೆ 30, 35, 40 ಎಂದು ಬರೆದಿರುವ, ದಪ್ಪ ಸೂಚಿಸುವ ‘ವೇಟ್’ ಅಂಕಿಗಳನ್ನು ಒಂದೇ ಕಂಪನಿಯ ಸೀಸೆಗಳ ನಡುವೆ ಮಾತ್ರ ಹೋಲಿಸಬೇಕು. ಒಬ್ಬರ 30 ಇನ್ನೊಬ್ಬರ 30 ಅಲ್ಲ. 350, 400, 450 ಎಂದು ಸೆಂಟಿಸ್ಟೋಕ್ ಎಂಬ ದಪ್ಪದ ಅಳತೆಯಲ್ಲಿ ಕೊಟ್ಟ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಬಿಸಿಲಿಗೆ ಸಿಲಿಕೋನ್ ಎಣ್ಣೆಯೂ ತೆಳುವಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ಆದ್ದರಿಂದ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಸಡಿಲವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ರಂಧ್ರದ ಮಾತೇ ಬೇರೆ. 12 ಮಿಲಿಮೀಟರ್ ಒಳವ್ಯಾಸದ ಶಾಕ್‌ನಲ್ಲಿ 1.6 ಮಿಲಿಮೀಟರ್‌ನ ಎರಡು ರಂಧ್ರಗಳಿರುವ ಪಿಸ್ಟನ್ ಇದೆ ಎನ್ನಿ. ರಂಧ್ರಗಳ ಒಟ್ಟು ಬಾಯಿ ಪಿಸ್ಟನ್ನಿನ ಮುಖದ ಸುಮಾರು 28ರಲ್ಲೊಂದು ಪಾಲು. ಅಂದರೆ ಪಿಸ್ಟನ್ ಚಲಿಸುವ ವೇಗಕ್ಕಿಂತ 28 ಪಟ್ಟು ವೇಗದಲ್ಲಿ ಎಣ್ಣೆ ಆ ಕಿಂಡಿಗಳಲ್ಲಿ ನುಗ್ಗಬೇಕು. ನಿಧಾನವಾಗಿ ಒತ್ತುವಾಗ ಇದರ ಅರಿವೇ ಆಗುವುದಿಲ್ಲ. ಎತ್ತರದಿಂದ ಬಿದ್ದಾಗ ಎಣ್ಣೆಗೆ ದಾರಿ ಸಾಲದೆ ಶಾಕ್ ಆ ಕ್ಷಣಕ್ಕೆ ಬಿಗಿದುಕೊಳ್ಳುತ್ತದೆ. ಇದನ್ನೇ ಪ್ಯಾಕ್ ಆಗುವುದು ಎನ್ನುತ್ತಾರೆ. ದೊಡ್ಡ ನೆಗೆತಗಳ ಟ್ರ್ಯಾಕಿನಲ್ಲಿ ಇದು ಬೇಕು, ಚಾಸಿಸ್ ನೆಲಕ್ಕೆ ಬಡಿಯುವುದನ್ನು ತಪ್ಪಿಸುತ್ತದೆ. ಉಬ್ಬುಗಳ ಸಾಲಿನಲ್ಲಿ ಇದೇ ಶತ್ರು, ಬಿಗಿದುಕೊಂಡ ಶಾಕ್ ಚಕ್ರವನ್ನು ಉಬ್ಬಿನಿಂದ ಉಬ್ಬಿಗೆ ಚಿಮ್ಮಿಸುತ್ತದೆ. ಸಣ್ಣ ರಂಧ್ರಕ್ಕೆ ತೆಳು ಎಣ್ಣೆ, ದೊಡ್ಡ ರಂಧ್ರಕ್ಕೆ ದಪ್ಪ ಎಣ್ಣೆ ಹಾಕಿದ ಎರಡು ಶಾಕ್‌ಗಳು ಬೆರಳಿಗೆ ಒಂದೇ ರೀತಿ ಅನಿಸಬಹುದು, ಟ್ರ್ಯಾಕಿನಲ್ಲಿ ಎರಡು ಬೇರೆ ಟ್ರಕ್‌ಗಳಾಗುತ್ತವೆ. ಬೆರಳ ಪರೀಕ್ಷೆಯನ್ನು ನಾನು ನಂಬದಿರುವುದಕ್ಕೆ ಇದು ಇನ್ನೊಂದು ಕಾರಣ.

ಬಣ್ಣದ ಸ್ಪ್ರಿಂಗ್

ಸ್ಪ್ರಿಂಗ್ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಕಂಪನಿಗಳು ಗಡಸುತನಕ್ಕೊಂದು ಬಣ್ಣ ಕೊಡುತ್ತವೆ, ಒಂದರ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಸಂಬಂಧವಿಲ್ಲ. ತಿಳಿದಿರಬೇಕಾದದ್ದು ಇಷ್ಟು: ತಂತಿಯ ದಪ್ಪ ಶೇಕಡಾ 10ರಷ್ಟು ಹೆಚ್ಚಿದರೆ ಸ್ಪ್ರಿಂಗ್ ಸುಮಾರು ಶೇಕಡಾ 46ರಷ್ಟು ಗಡುಸಾಗುತ್ತದೆ, ಏಕೆಂದರೆ ಗಡಸುತನ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಪ್ರಿಂಗ್‌ಗಳು ಬೇರೆಯೇ ಆಗಿರಬಹುದು. ಮೆತ್ತಗಾಗಲಿ ಎಂದು ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವವರಿದ್ದಾರೆ. ಸುತ್ತು ಕಡಿಮೆಯಾದಷ್ಟೂ ಅದು ಗಡುಸೇ ಆಗುವುದು. ಶಾಕ್‌ನ ಮೇಲ್ತುದಿಯನ್ನು ಒಳಗಿನ ರಂಧ್ರಕ್ಕೆ ಸರಿಸಿ ಶಾಕನ್ನು ವಾಲಿಸಿದರೆ ಚಕ್ರದ ಬಳಿ ಅದೇ ಸ್ಪ್ರಿಂಗ್ ಮೆತ್ತಗಾಗುತ್ತದೆ, ನೆಟ್ಟಗೆ ನಿಲ್ಲಿಸಿದರೆ ಗಡುಸಾಗುತ್ತದೆ. ಬಣ್ಣ ಬದಲಿಸುವ ಮೊದಲು ಈ ಒಂದು ಸ್ಕ್ರೂ ಬಿಚ್ಚಿ ನೋಡಬಹುದು.

ನೆಲ ಮುಟ್ಟುವುದು ರಬ್ಬರ್

ಇಷ್ಟೆಲ್ಲ ಹೇಳಿದ ಮೇಲೂ ನನ್ನ ವಾದ ಏನೆಂದರೆ, ಸರಿಯಿಲ್ಲದ ಟೈರ್ ಹಾಕಿದ ಟ್ರಕ್ಕಿನ ಶಾಕ್ ತಿದ್ದುತ್ತ ಕೂರುವುದು ವ್ಯರ್ಥ. ಶಾಕ್, ಸ್ಪ್ರಿಂಗ್, ಎಣ್ಣೆ ಇವೆಲ್ಲ ಇರುವುದು ಟೈರನ್ನು ನೆಲಕ್ಕೆ ಒತ್ತಿ ಹಿಡಿಯಲು. ಹಿಡಿತ ಹುಟ್ಟುವುದು ರಬ್ಬರಿನಲ್ಲಿ. ಸಡಿಲ ಮಣ್ಣಿಗೆ ಎತ್ತರದ ಮುಳ್ಳುಗಳಿರುವ ಟೈರ್ ಬೇಕು, ಮೇಲಿನ ಪುಡಿಯನ್ನು ಭೇದಿಸಿ ಅಡಿಯ ಗಟ್ಟಿ ನೆಲ ಮುಟ್ಟಬೇಕು. ಅದೇ ಟೈರ್ ಗಟ್ಟಿ ಜೇಡಿನ ಮೇಲೆ ಹೋದರೆ ಮುಳ್ಳುಗಳು ಬಾಗಿ ಟ್ರಕ್ ತೇಲಾಡುತ್ತದೆ, ಚಾಲಕ ಶಾಕನ್ನು ಬೈಯುತ್ತಾನೆ. ಹೊಳೆಯುವಷ್ಟು ಗಟ್ಟಿಯಾದ ಜೇಡಿಗೆ ಮುಳ್ಳು ಸವೆದು ನುಣ್ಣಗಾದ ಹಳೆಯ ಟೈರ್ ಹೊಸದಕ್ಕಿಂತ ಚೆನ್ನಾಗಿ ಹಿಡಿಯುವುದುಂಟು. ರಬ್ಬರಿನ ಮೃದುತ್ವದ ಲೆಕ್ಕ ಬೇರೆ. ಮೆತ್ತಗಿನ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಒರಟು ನೆಲದಲ್ಲಿ ಬೇಗ ಕರಗಿ ಹೋಗುತ್ತದೆ.

ಟೈರ್ ಒಳಗಿನ ಸ್ಪಂಜನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಟೈರ್‌ಗಳಲ್ಲಿ ಒತ್ತಡದ ಗಾಳಿ ಇರುವುದಿಲ್ಲ. ರಿಮ್‌ನಲ್ಲೋ ಟೈರ್‌ನಲ್ಲೋ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ, ಆಕಾರ ಉಳಿಸುವುದು ಒಳಗಿನ ಸ್ಪಂಜು. ಅದು ಹಳತಾಗಿ ಕುಸಿದರೆ ತಿರುವಿನಲ್ಲಿ ಟೈರಿನ ಪಕ್ಕ ಮಡಚಿಕೊಳ್ಳುತ್ತದೆ. ವೇಗ ಹೆಚ್ಚಿದಾಗ ಮೆತ್ತಗಿನ ಟೈರ್ ಬಲೂನಿನಂತೆ ಉಬ್ಬಿ ನಡುಗೆರೆಯ ಮೇಲೆ ಮಾತ್ರ ಓಡುತ್ತದೆ. 1987ರಲ್ಲಿ ತಮಿಯ ಕಂಪನಿ ತಂದ ಕ್ಲಾಡ್ ಬಸ್ಟರ್ ಎಂಬ ಎರಡು ಮೋಟಾರಿನ ದೈತ್ಯ ಟ್ರಕ್ಕನ್ನು ಓಡಿಸಿದವರಿಗೆ ಗೊತ್ತು, ಅಷ್ಟು ದೊಡ್ಡ ಟೈರ್ ಇದ್ದಾಗ ಟೈರೇ ಒಂದು ಸ್ಪ್ರಿಂಗ್. ಆ ಸ್ಪ್ರಿಂಗಿಗೆ ಎಣ್ಣೆಯ ಕಡಿವಾಣವೂ ಇಲ್ಲ.

ಇದು ನನಗೆ ಸ್ಪಷ್ಟವಾಗಿ ಕಂಡದ್ದು ಬಂಡೆಯ ಮೇಲೆ, ಕ್ರಾಲರ್ ಎಂಬ ಬಂಡೆ ಹತ್ತುವ ಟ್ರಕ್‌ಗಳ ನಡುವೆ. ಕ್ರಾಲರ್ ನಡೆಯುವ ವೇಗಕ್ಕಿಂತ ನಿಧಾನ, ಹಾಗಾಗಿ ಎಣ್ಣೆಯ ದಪ್ಪಕ್ಕೆ ಅಲ್ಲಿ ಅಂಥ ಬೆಲೆಯಿಲ್ಲ. ಗೆಳೆಯನ ಟ್ರಕ್ಕೂ ನನ್ನ ಟ್ರಕ್ಕೂ ಒಂದೇ ಮಾದರಿ, ಒಂದೇ ಟೈರ್. ಮೊಣಕಾಲೆತ್ತರದ ಒಂದು ಬಂಡೆಯ ಅಂಚನ್ನು ನನ್ನದು ನಿಧಾನವಾಗಿ ಹತ್ತಿತು. ಅವನದು ಅಂಚಿಗೆ ಮುಂದಿನ ಚಕ್ರ ಕೊಟ್ಟು, ಕೆರೆದು, ಹಿಂದಕ್ಕೆ ಮಗುಚಿತು. ಅವನು ಹಿಂದಿನ ಸ್ಪ್ರಿಂಗ್ ಬದಲಿಸಬೇಕು ಎಂದ. ನಾನು ಬಂಡೆಯ ಪಕ್ಕ ಮಲಗಿ ಟೈರ್ ನೋಡಿದೆ. ನನ್ನ ಟೈರ್ ಅಂಚಿನ ಮೇಲೆ ಒತ್ತಿದಾಗ ಅದರ ಮೈ ಬಂಡೆಯ ಆಕಾರಕ್ಕೇ ಕುಸಿದು ಮೂರ್ನಾಲ್ಕು ಸಾಲು ಮುಳ್ಳುಗಳು ಕಲ್ಲನ್ನು ಕಚ್ಚುತ್ತಿದ್ದವು. ಅವನದು ಗುಂಡಗೆ ಹಾಗೆಯೇ ನಿಂತು ಒಂದೇ ಸಾಲು ಮುಟ್ಟುತ್ತಿತ್ತು. ಅವನ ರಿಮ್ ಅಂಟಿಲ್ಲದ, ಸ್ಕ್ರೂಗಳಿಂದ ಟೈರ್ ಹಿಡಿಯುವ ಬಗೆಯದು, ಆದ್ದರಿಂದ ಅಲ್ಲೇ ಬಿಚ್ಚಲಾಯಿತು. ಒಳಗೆ ಇದ್ದದ್ದು ಭಾರದ ಟ್ರಕ್ಕಿಗೆಂದು ಮಾಡಿದ ಗಟ್ಟಿ ಸ್ಪಂಜು. ಮುಂದಿನ ಎರಡಕ್ಕೆ ಮೆತ್ತಗಿನ ಸ್ಪಂಜು ತುಂಬಿ ಮತ್ತೆ ಕಟ್ಟಿದ. ಸ್ಪ್ರಿಂಗ್ ಮುಟ್ಟಲಿಲ್ಲ, ಟ್ರಕ್ ಹತ್ತಿತು. ಮುಂಭಾಗದಲ್ಲಿ ತಗ್ಗಿನಲ್ಲಿ ಸ್ವಲ್ಪ ಹಿತ್ತಾಳೆ ತೂಕ ಸೇರಿಸಿದ ಮೇಲೆ ಇನ್ನೂ ಸಲೀಸಾಗಿ ಹತ್ತಿತು, ಅದು ಬೇರೆ ಮಾತು.

ಓಟದ ಟ್ರಕ್‌ಗಳಲ್ಲಿ ಇದು ಇಷ್ಟು ಸುಲಭವಲ್ಲ. ಅಲ್ಲಿ ಟೈರ್ ರಿಮ್‌ಗೆ ಅಂಟಿರುತ್ತದೆ, ಕೀಳಲು ಕುದಿಯುವ ನೀರಿನಲ್ಲಿ ಅದ್ದಬೇಕು ಅಥವಾ ಅಸಿಟೋನ್‌ನಲ್ಲಿ ನೆನೆಸಬೇಕು, ಅರ್ಧ ದಿನ ಹೋಗುತ್ತದೆ. ಜನ ಕಾಲರ್‌ಗೆ ಮೊರೆಹೋಗುವುದು ನನಗೆ ಅರ್ಥವಾಗದ್ದೇನಲ್ಲ. ಇನ್ನೊಂದು ಅಡ್ಡದಾರಿಯೂ ಇದೆ: ಗೆದ್ದವರ ಸೆಟಪ್ ಹಾಳೆಯನ್ನು ತಂದು ಅದರಲ್ಲಿರುವ ಎಣ್ಣೆ, ಪಿಸ್ಟನ್, ಸ್ಪ್ರಿಂಗ್‌ನ ಅಂಕಿಗಳನ್ನೆಲ್ಲ ಹಾಗೆಯೇ ನಕಲು ಮಾಡುವುದು. ಆ ಹಾಳೆಗಳು ಸುಳ್ಳಲ್ಲ. ಆದರೆ ಆ ಅಂಕಿಗಳು ಒಂದು ದಿನದ ಒಂದು ನೆಲಕ್ಕೆ, ಒಂದು ಟೈರಿಗೆ, ಅಷ್ಟು ಸವೆದ ಮುಳ್ಳುಗಳಿಗೆ ಹೊಂದಿದಂಥವು. ಟೈರ್ ಬದಲಾದರೆ ಹಿಡಿತ ಬದಲಾಗುತ್ತದೆ, ಹಿಡಿತ ಹೆಚ್ಚಿದಾಗ ಟ್ರಕ್ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಆಗ ಮೆತ್ತಗಿನ ಸ್ಪ್ರಿಂಗ್ ಸಾಲುವುದಿಲ್ಲ. ಯಾರಾದರೂ ಇಂಥ ಹಾಳೆ ಕಳಿಸಿ ಅಭಿಪ್ರಾಯ ಕೇಳಿದರೆ ಮೊದಲು ಹುಡುಕುವುದು ನೆಲ ಎಂಥದ್ದು, ಟೈರ್ ಯಾವುದು ಎಂಬ ಎರಡು ಸಾಲುಗಳನ್ನು. ಅವು ಖಾಲಿ ಇದ್ದರೆ ಉಳಿದ ಅಂಕಿಗಳನ್ನು ನಾನು ಓದುವುದಿಲ್ಲ.